ಹನ್ನೆರಡೂ ಒಂಬತ್ತೂ ಸೇರಿದರೆ

(ಶತಮಾನೋತ್ಸವದ ಅಂಗವಾಗಿ ಜರಗಿದ ಹಳೆ ವಿದ್ಯಾರ್ಥಿಗಳ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಶಾಲೆಯ ನೂರು ವರ್ಷಗಳ ಹಿರಿಮೆಯನ್ನು ನನಗಿಂತ ಮೊದಲು ಮಾತನಾಡಿದವರು ಸೊಗಸಾಗಿ ಬಣ್ಣಿಸಿದ್ದಾರೆ. ನಾನು ನಮ್ಮ ಕಂಪ್ಯೂಟರ್ ಲ್ಯಾಬಿನಲ್ಲಿ ಒಂದು ಮಧ್ಯಾಹ್ನ ನಡೆದ ಸಣ್ಣ ಸಂಗತಿಯನ್ನಷ್ಟೇ ಹೇಳಬಯಸುತ್ತೇನೆ. ಕನ್ನಡ ಎಂ.ಎ. ಓದಿದವಳು ಪೈಥಾನ್ ಕುರಿತು ಮಾತನಾಡುವುದು ಅಧಿಕಪ್ರಸಂಗವೆಂದು ತೋರಬಹುದು. ಆದರೆ ಅಂದು ಪಾಠ ಕಲಿತವಳು ನಾನೇ ಆದುದರಿಂದ ಸಂಕೋಚ ಬಿಟ್ಟಿದ್ದೇನೆ.

ಕೇರಳದ ಪ್ರೌಢಶಾಲೆಗಳ ಐಸಿಟಿ ಪಾಠಗಳಲ್ಲಿ ಪೈಥಾನ್ ಇರುವುದು ಕಾಸರಗೋಡಿನ ರಕ್ಷಕರಿಗೆಲ್ಲ ತಿಳಿದದ್ದೇ. ಆ ದಿನ ಐಸಿಟಿ ಟೀಚರ್ ರಜೆಯಲ್ಲಿದ್ದುದರಿಂದ ಅವರ ಪಿರಿಯಡಿಗೆ ನಾನು ಹೋದೆ. ತರಗತಿಯಲ್ಲಿ ಹುಡುಗಿಯರೆಷ್ಟು, ಹುಡುಗರೆಷ್ಟು ಎಂದು ಕೇಳಿ ಪಡೆದು ಕೂಡಿಸುವ ಪುಟ್ಟ ಪ್ರೋಗ್ರಾಂ ಒಂದನ್ನು ಮಕ್ಕಳು ಬರೆದಿದ್ದರು. 'ಇನ್‌ಪುಟ್' ಎಂಬ ಆಜ್ಞೆ ಬಂದೊಡನೆ ಪ್ರೋಗ್ರಾಂ ಪ್ರಶ್ನೆಯನ್ನು ಪರದೆಯ ಮೇಲೆ ಬರೆದು ನಿಂತುಬಿಡುತ್ತದೆ. ನಾವು ಎಂಟರ್ ಒತ್ತುವವರೆಗೂ ಮುಂದಿನ ಸಾಲಿಗೆ ಹೋಗುವುದಿಲ್ಲ. ಅಲ್ಲಿಯವರೆಗೆ ಟೈಪು ಮಾಡಿದ್ದನ್ನು ಅಳಿಸಬಹುದು, ತಿದ್ದಬಹುದು. ಪ್ರಶ್ನೆ ಕೇಳಿದ ಕ್ಷಣದಲ್ಲೇ ಉತ್ತರ ಬಾರದಿದ್ದರೆ ಪಕ್ಕದ ಮಗುವಿನತ್ತ ತಿರುಗುವ ನನ್ನಂಥವರಿಗೆ ಇಷ್ಟು ತಾಳ್ಮೆ ಎಲ್ಲಿಂದ ಬರಬೇಕು?

ಹುಡುಗಿಯರು 12, ಹುಡುಗರು 9. ಪರದೆಯ ಮೇಲೆ ಬಂದ ಮೊತ್ತ 129! ಲ್ಯಾಬಿನಲ್ಲಿ ನಗುವೋ ನಗು. ಹಿಂದಿನ ಸಾಲಿನ ಹುಡುಗನೊಬ್ಬ, "ಟೀಚರ್, ಇದನ್ನೇ ಮೇಲಿನ ಕಚೇರಿಗೆ ಕಳುಹಿಸಿದರೆ ನಮ್ಮ ಡಿವಿಷನ್ ಉಳಿಯುತ್ತದಲ್ಲ!" ಎಂದ. ನಾನೂ ನಕ್ಕೆ. ಆದರೆ ಪ್ರತಿ ಜೂನಿನಲ್ಲಿ ಆರನೆಯ ಅಧ್ಯಯನ ದಿನದ ತಲೆಯೆಣಿಕೆಗೆ ಎದೆ ಹಿಡಿದುಕೊಂಡು ಕುಳಿತುಕೊಳ್ಳುವ ನನಗೆ ಆ ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ.

ತಪ್ಪಿನ ಕಾರಣವನ್ನು ಮಕ್ಕಳೇ ಹುಡುಕಿದರು. ಇನ್‌ಪುಟ್ ತಂದುಕೊಡುವುದೆಲ್ಲವೂ ಪೈಥಾನಿಗೆ ಬರಿಯ ಅಕ್ಷರಗಳ ಸಾಲು, ಅವರ ಮಾತಿನಲ್ಲಿ 'ಸ್ಟ್ರಿಂಗ್'. ಅಂಥ ಎರಡರ ನಡುವೆ ಕೂಡುವ ಚಿಹ್ನೆಯನ್ನಿಟ್ಟರೆ ಅವು ಪಕ್ಕಪಕ್ಕದಲ್ಲಿ ಅಂಟಿಕೊಳ್ಳುತ್ತವೆ, ಸಂಧಿಕಾರ್ಯವೂ ಇಲ್ಲ. ಅದನ್ನು 'ಇಂಟ್' ಎಂಬುದರ ಮೂಲಕ ಹಾಯಿಸಿದರೆ ಮಾತ್ರ ಪೂರ್ಣಾಂಕವಾಗುತ್ತದೆ. ಹಾಗೆ ತಿದ್ದಿದ ಮೇಲೆ 21 ಬಂತು.

ಆಗ ಮನೆಯಲ್ಲಿ ತುಳು ಮಾತನಾಡುವ ಹುಡುಗಿಯೊಬ್ಬಳು ಕೀಲಿಮಣೆಯನ್ನು ಕನ್ನಡಕ್ಕೆ ಬದಲಾಯಿಸಿ '೧೨' ಎಂದು ಟೈಪು ಮಾಡಿದಳು. "ಬೇಡ ಮಗಳೇ, ಕಂಪ್ಯೂಟರಿಗೆ ಕನ್ನಡ ಅಂಕಿ ತಿಳಿಯದು, ಇಂಗ್ಲಿಷಿನಲ್ಲೇ ಹಾಕು" ಎಂದೆ. "ಒಮ್ಮೆ ನೋಡುತ್ತೇನೆ ಟೀಚರ್" ಎಂದು ಎಂಟರ್ ಒತ್ತಿದಳು. ಎರಡನೆಯ ಪ್ರಶ್ನೆಗೆ '೯' ಎಂದಳು. ಯಾವ ತಕರಾರೂ ಇಲ್ಲದೆ 21 ಬಂತು.

ನಾನು ಮಾತಾಡದೆ ನಿಂತೆ. ಮರುದಿನ ಐಸಿಟಿ ಟೀಚರ್ ವಿವರಿಸಿದರು: ಯೂನಿಕೋಡಿನ 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡವಿದೆ, ನಮ್ಮ ೦ಯಿಂದ ೯ರವರೆಗಿನ ಪ್ರತಿಯೊಂದು ಅಂಕಿಯ ಬೆಲೆಯೂ ಅಲ್ಲಿ ದಾಖಲಾಗಿದೆ, ಪೈಥಾನ್ 3ರ 'ಇಂಟ್' ಅದನ್ನು ಓದಿಕೊಳ್ಳುತ್ತದೆ. ಹಾಗಾದರೆ ಇಷ್ಟು ವರ್ಷ ಲ್ಯಾಬಿನ ಬಾಗಿಲಲ್ಲಿ ನಿಂತು, ಕನ್ನಡ ನಿಮ್ಮ ಪುಸ್ತಕದಲ್ಲಿರಲಿ, ಇಲ್ಲಿ ಇಂಗ್ಲಿಷ್ ಸಾಕು ಎಂದು ಎಷ್ಟು ಮಕ್ಕಳಿಗೆ ಹೇಳಿದೆನೋ! ಗಡಿಯಾಚೆಯ ಕನ್ನಡದ ಬಗ್ಗೆ ಸಭೆಗಳಲ್ಲಿ ಗಂಟಲು ಬಿಗಿದು ಮಾತನಾಡುವವಳೂ ನಾನೇ.

ಎಲ್ಲವೂ ಸಲೀಸೆಂದು ತಿಳಿಯಬಾರದು. ಅಂಕಿಯ ಬದಲು 'ಹನ್ನೆರಡು' ಎಂದು ಬರೆದರೆ ಪ್ರೋಗ್ರಾಂ ಅಲ್ಲಿಯೇ ನಿಲ್ಲುತ್ತದೆ, ದೋಷದ ಸೂಚನೆ ಇಂಗ್ಲಿಷಿನಲ್ಲಿ ಬರುತ್ತದೆ. ಆ ಹುಡುಗಿ ಇನ್ನೊಂದು ಪ್ರಶ್ನೆ ಕೇಳಿದಳು: "ನಾವು ಕನ್ನಡ ಅಂಕಿ ಕೊಟ್ಟರೆ ತೆಗೆದುಕೊಳ್ಳುತ್ತದೆ, ಹಿಂದೆ ಕೊಡುವಾಗ ಯಾಕೆ ಕೊಡುವುದಿಲ್ಲ ಟೀಚರ್?" ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ವಾರ ಅವಳೂ ಇಬ್ಬರು ಗೆಳತಿಯರೂ ಸೇರಿ, ಹತ್ತು ಅಂಕಿಗಳನ್ನೂ ಒಂದೊಂದಾಗಿ ಬದಲಿಸುವ ಸಾಲುಗಳನ್ನು ಬರೆದು ಪರದೆಯ ಮೇಲೆ '೨೧' ತರಿಸಿದರು.

ಅವರು ಬರೆದ ಇನ್ನೊಂದು ಪ್ರೋಗ್ರಾಂ ಇಂದು ಲ್ಯಾಬಿನ ಮೊದಲ ಕಂಪ್ಯೂಟರಿನಲ್ಲಿದೆ. ನೀವು ಯಾವ ವರ್ಷ ಈ ಶಾಲೆಗೆ ಸೇರಿದಿರಿ ಎಂದು ಅದು ಕನ್ನಡದಲ್ಲಿ ಕೇಳುತ್ತದೆ. ಹಳೆ ವಿದ್ಯಾರ್ಥಿಗಳು ಊಟ ಮುಗಿಸಿ ದಯವಿಟ್ಟು ಅತ್ತ ಬನ್ನಿ. ಅಂಕಿಯ ಕೀಲಿ ಸಿಗದಿದ್ದರೆ ಮಕ್ಕಳು ತೋರಿಸಿಕೊಡುತ್ತಾರೆ. ಅವಸರವಿಲ್ಲ, ನೀವು ಎಂಟರ್ ಒತ್ತುವವರೆಗೂ ಅದು ಕಾಯುತ್ತದೆ.