ಅಂಗವಿಕಲರ ಹಕ್ಕು ಮತ್ತು ನ್ಯಾಯದ ನೆರವು

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯಿಂದ ಸಾಹಿತ್ಯವನ್ನು ಕುರಿತೋ ನಾಡುನುಡಿಗಳನ್ನು ಕುರಿತೋ ಮಾತನಾಡುವುದು ವಾಡಿಕೆಯಾಗಿದೆ. ಇಂದು ನಾವು ಆ ವಾಡಿಕೆಯನ್ನು ತುಸು ಬದಿಗಿರಿಸಿ, ಈ ಸಭೆಗೆ ಬರಲಾರದೆ ಮನೆಯಲ್ಲಿಯೇ ಉಳಿದವರನ್ನು ಕುರಿತು ಎರಡು ಮಾತುಗಳನ್ನಾಡಬೇಕೆಂದಿದ್ದೇವೆ. ಕಣ್ಣು ಕಾಣದವರು, ಕಿವಿ ಕೇಳದವರು, ಕಾಲು ಸೋತವರು, ಬುದ್ಧಿಯ ಬೆಳವಣಿಗೆ ಕುಂಠಿತವಾದ ಮಕ್ಕಳು, ಮಗ್ಗದಲ್ಲಿ ಕೈ ಸಿಕ್ಕು ದುಡಿಮೆಯನ್ನು ಕಳೆದುಕೊಂಡವರು—ಇವರಿಲ್ಲದ ಓಣಿ ನಮ್ಮಲ್ಲಿ ಯಾವುದಿದೆ? ೨೦೧೧ರ ಜನಗಣತಿಯಲ್ಲಿ ಭಾರತದಲ್ಲಿ ೨ ಕೋಟಿ ೬೮ ಲಕ್ಷ, ಮಹಾರಾಷ್ಟ್ರವೊಂದರಲ್ಲಿಯೇ ೨೯ ಲಕ್ಷಕ್ಕೂ ಮಿಕ್ಕಿ ಅಂಗವಿಕಲರು ಲೆಕ್ಕಕ್ಕೆ ಸಿಕ್ಕರು. ಲೆಕ್ಕಕ್ಕೆ ಸಿಕ್ಕವರೆಲ್ಲರೂ ನೆರವಿಗೆ ಸಿಕ್ಕರೇ ಎಂಬುದು ನಮ್ಮ ಇಂದಿನ ಪ್ರಶ್ನೆ.

ನಮ್ಮ ಪರಿಚಯದ ಒಂದು ಮನೆಯ ಮಾತನ್ನು ಹೇಳುತ್ತೇವೆ. ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿ. ಬಾಲ್ಯದಲ್ಲಿ ಪೋಲಿಯೋ ತಗುಲಿ ಎರಡೂ ಕಾಲುಗಳು ಸೋತ ಮಗ. ಅವನಿಗೀಗ ನಾಲ್ವತ್ತು ದಾಟಿದೆ. ವಿಧವೆಯಾದ ತಾಯಿ ಮಾಸಾಶನಕ್ಕಾಗಿ ಒಂದು ಕಚೇರಿಗೆ ಮೂರು ಸಲ ಅಲೆದಳು. ಶಾಲೆಯ ದಾಖಲೆಯಲ್ಲಿ ಮಗನ ಹೆಸರು ಒಂದು, ರೇಶನ್ ಕಾರ್ಡಿನಲ್ಲಿ ಇನ್ನೊಂದು. ಆದುದರಿಂದ “ಆಗುವುದಿಲ್ಲ” ಎಂಬ ಉತ್ತರ ಬಂದಿತು. ಉತ್ತರವು ಬಾಯಿಮಾತಿನದು, ಕಾಗದದ ಮೇಲೆ ಒಂದಕ್ಷರವೂ ಇಲ್ಲ. ಆಕೆ ಅದನ್ನೇ ಸರಕಾರದ ಕೊನೆಯ ಮಾತೆಂದು ನಂಬಿ, “ಹೋಗ್ಲಿ ಬಿಡ್ರಿ, ನಮ್ಮ ನಸೀಬದಾಗ ಇಲ್ಲ” ಎಂದು ಮನೆ ಸೇರಿದಳು. ಹೀಗೆ ಆರು ವರುಷಗಳು ಕಳೆದವು. ಮುಂದೆ ನ್ಯಾಯಾಲಯದ ವತಿಯಿಂದ ದೊರೆತ ಒಬ್ಬ ವಕೀಲರು, ಎರಡು ಹೆಸರುಗಳೂ ಒಬ್ಬನವೇ ಎಂಬ ಪ್ರತಿಜ್ಞಾಪತ್ರವನ್ನು ಬರೆಯಿಸಿ, ಹೊಸ ಅರ್ಜಿಯನ್ನು ಕೊಡಿಸಿದರು. ಮಾಸಾಶನ ಮಂಜೂರಾಯಿತು, ಆದರೆ ಕಳೆದ ಆರು ವರುಷಗಳ ಹಣ ಬರಲಿಲ್ಲ. ಅರ್ಜಿಯೇ ಇಲ್ಲದ ವರುಷಗಳಿಗೆ ಲೆಕ್ಕವೆಲ್ಲಿಯದು? ಬಾಯಿಮಾತಿನ ನಿರಾಕರಣೆಯನ್ನು ನಂಬಿದುದಕ್ಕೆ ಆ ತಾಯಿ ತೆತ್ತ ಬೆಲೆ ಇದು.

ಮಹನೀಯರೆ, ಇದು ದಾನದ ಮಾತಲ್ಲ, ಹಕ್ಕಿನ ಮಾತು. ೧೯೯೫ರ ಹಳೆಯ ಕಾಯದೆಯ ಸ್ಥಾನದಲ್ಲಿ ಅಂಗವಿಕಲರ ಹಕ್ಕುಗಳ ೨೦೧೬ರ ಕಾಯದೆಯು ಬಂದಿದೆ. ೨೦೧೭ರ ಏಪ್ರಿಲ್ ೧೯ರಿಂದ ಅದು ಜಾರಿಯಲ್ಲಿದೆ. ಹಳೆಯ ಕಾಯದೆಯು ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಒಪ್ಪಿತ್ತು. ಹೊಸದು ಇಪ್ಪತ್ತೊಂದನ್ನು ಒಪ್ಪುತ್ತದೆ. ಥಲಸೀಮಿಯಾ, ಕುಡಗೋಲು ಕಣದ ರಕ್ತರೋಗ, ಪಾರ್ಕಿನ್ಸನ್ ರೋಗ, ಕಲಿಕೆಯ ತೊಡಕು, ಆಮ್ಲದ ದಾಳಿಗೆ ತುತ್ತಾದವರ ಸ್ಥಿತಿ—ಇವೆಲ್ಲವೂ ಈಗ ಅದರಲ್ಲಿ ಸೇರಿವೆ. ಆದುದರಿಂದ ಹಿಂದೊಮ್ಮೆ ಬರಿಗೈಯಲ್ಲಿ ಮರಳಿದವರು ಇಂದು ಮತ್ತೊಮ್ಮೆ ವಿಚಾರಿಸುವುದು ಲೇಸು. ಶೇಕಡಾ ೪೦ ಅಥವಾ ಅದಕ್ಕೂ ಮಿಕ್ಕಿದ ವೈಕಲ್ಯವುಳ್ಳವರಿಗೆ ಸರಕಾರಿ ನೌಕರಿಯಲ್ಲಿ ಶೇಕಡಾ ೪, ಉಚ್ಚ ಶಿಕ್ಷಣದಲ್ಲಿ ಶೇಕಡಾ ೫ ಸ್ಥಾನಗಳನ್ನು ಕಾಯದೆಯು ಮೀಸಲಿರಿಸಿದೆ.

ಮೊದಲನೆಯ ಮೆಟ್ಟಿಲು ವೈದ್ಯಕೀಯ ಪ್ರಮಾಣಪತ್ರ. ತಾವು ವಾಸಿಸುವ ಜಿಲ್ಲೆಯಲ್ಲಿಯಾಗಲಿ, ಚಿಕಿತ್ಸೆ ಪಡೆದ ಸರಕಾರಿ ಆಸ್ಪತ್ರೆಯಲ್ಲಿಯಾಗಲಿ ಇದಕ್ಕೆ ಅರ್ಜಿ ಮಾಡಬಹುದು. ಈಗ ಪ್ರಮಾಣಪತ್ರದ ಜೊತೆಗೆ ಅಖಿಲ ಭಾರತಕ್ಕೆ ಸಲ್ಲುವ ಗುರುತಿನ ಚೀಟಿಯನ್ನೂ ಕೊಡುತ್ತಾರೆ. ೨೦೨೪ರ ತಿದ್ದುಪಡಿಯ ಮೇರೆಗೆ ಮೂರು ತಿಂಗಳೊಳಗೆ ಪ್ರಮಾಣಪತ್ರ ದೊರೆಯಬೇಕು. ಅದೇ ತಿದ್ದುಪಡಿಯಲ್ಲಿ ಇನ್ನೊಂದು ಎಚ್ಚರದ ಮಾತಿದೆ: ಎರಡು ವರುಷಗಳು ಮಿಕ್ಕರೂ ನಿರ್ಣಯವಾಗದ ಅರ್ಜಿ ತಾನಾಗಿಯೇ ಬಿದ್ದುಹೋಗುತ್ತದೆ, ಮತ್ತೆ ಹೊಸದಾಗಿ ಅರ್ಜಿ ಮಾಡಬೇಕು. ಅರ್ಜಿ ಕೊಟ್ಟು ಸುಮ್ಮನೆ ಕುಳಿತವರು ಇದನ್ನು ನೆನಪಿನಲ್ಲಿಡಬೇಕು.

ಎರಡನೆಯದು ಮಾಸಾಶನ. ಮಹಾರಾಷ್ಟ್ರದಲ್ಲಿ ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆಯು ೧೯೮೦ರಿಂದ ನಡೆದುಬಂದಿದೆ. ಅಂಗವಿಕಲರಿಗೆ ತಿಂಗಳಿಗೆ ೧,೫೦೦ ರೂಪಾಯಿಗಳಿದ್ದುದನ್ನು ೨೦೨೫ರ ಅಕ್ಟೋಬರದಿಂದ ೨,೫೦೦ಕ್ಕೆ ಏರಿಸಲಾಯಿತು. ಅರ್ಜಿಯು ತಹಸೀಲು ಕಚೇರಿಗೆ ಹೋಗಬೇಕು. ಅದರೊಡನೆ ವೈದ್ಯಕೀಯ ಪ್ರಮಾಣಪತ್ರ, ಉತ್ಪನ್ನದ ದಾಖಲೆ, ರಹಿವಾಸಿ ದಾಖಲೆ, ವಯಸ್ಸಿನ ಪುರಾವೆ, ರೇಶನ್ ಕಾರ್ಡು ಇವು ಬೇಕು.

ಇಲ್ಲಿಯೇ ಗಡಿಭಾಗದ ನಮ್ಮ ವಿಶೇಷ ತೊಡಕುಗಳು ಎದುರಾಗುತ್ತವೆ. ಮೊದಲನೆಯದು ಹೆಸರು. ಕನ್ನಡ ಶಾಲೆಯ ಪಟ್ಟಿಯಲ್ಲಿ ಮಲ್ಲಪ್ಪನಾದವನು ಮರಾಠಿ ಕಾಗದದಲ್ಲಿ ಮಲ್ಲಿನಾಥನಾಗುತ್ತಾನೆ, ಗಂಗವ್ವ ಗಂಗೂಬಾಯಿಯಾಗುತ್ತಾಳೆ. ಮನೆಯಲ್ಲಿ ಇದು ನಗೆಯ ಮಾತು. ಕಚೇರಿಯಲ್ಲಿ ಇಬ್ಬರು ಬೇರೆ ಬೇರೆ ಮನುಷ್ಯರು. ಎರಡನೆಯದು ವಾಸ್ತವ್ಯ. ಈ ಯೋಜನೆಗೆ ಮಹಾರಾಷ್ಟ್ರದಲ್ಲಿ ೧೫ ವರುಷಗಳ ವಾಸವು ಬೇಕು. ಇಂಡಿಯಿಂದಲೋ ಆಳಂದದಿಂದಲೋ ನಮ್ಮ ಮನೆಗಳಿಗೆ ಸೊಸೆಯಂದಿರು ಬರುತ್ತಾರೆ. ಅಂಥವಳು ಬಂದು ಎಷ್ಟು ವರುಷಗಳಾದವೆಂಬುದಕ್ಕೆ ಮದುವೆಯ ನೋಂದಣಿ, ಮತದಾರರ ಯಾದಿ, ಮಕ್ಕಳ ಜನನದ ದಾಖಲೆ ಇವುಗಳನ್ನು ಜೋಪಾನವಾಗಿ ಇರಿಸಬೇಕು. ಆದರೆ ವೈದ್ಯಕೀಯ ಪ್ರಮಾಣಪತ್ರಕ್ಕೆ ಈ ಗಡಿಯಿಲ್ಲ. ವಿಜಯಪುರದಲ್ಲಿಯೋ ಕಲಬುರ್ಗಿಯಲ್ಲಿಯೋ ವಿಧಿವತ್ತಾಗಿ ಪಡೆದ ಪ್ರಮಾಣಪತ್ರವು ದೇಶದಲ್ಲೆಲ್ಲ ಸಲ್ಲುತ್ತದೆಂದು ಕಾಯದೆಯ ೫೮ನೆಯ ಕಲಮು ಸ್ಪಷ್ಟವಾಗಿ ಹೇಳಿದೆ.

ಇನ್ನು ಮುಖ್ಯವಾದ ಮಾತು. ನಿರಾಕರಣೆಯು ಕಾಗದದ ಮೇಲೆ ಬರುವ ತನಕ ಅದು ನಿರಾಕರಣೆಯೇ ಅಲ್ಲ. ಯಾವ ಅರ್ಜಿಯನ್ನು ಕೊಟ್ಟರೂ ಪೋಚಪಾವತಿಯನ್ನು ಪಡೆಯಬೇಕು. ಪ್ರಮಾಣಪತ್ರಕ್ಕೆ ಅರ್ಹನಲ್ಲವೆಂದು ವೈದ್ಯರು ಕಂಡರೆ ಅದರ ಕಾರಣಗಳನ್ನು ಲಿಖಿತವಾಗಿ ತಿಳಿಸಬೇಕೆಂದು ನಿಯಮವಿದೆ. ಆ ನಿರ್ಣಯದಿಂದ ಅಸಮಾಧಾನವಾದರೆ ೫೯ನೆಯ ಕಲಮಿನ ಪ್ರಕಾರ ರಾಜ್ಯ ಸರಕಾರವು ಗೊತ್ತುಪಡಿಸಿದ ಮೇಲಧಿಕಾರಿಗಳಲ್ಲಿ ಅಪೀಲು ಮಾಡಬಹುದು. ಹಕ್ಕಿಗೆ ಭಂಗ ಬಂದರೆ ರಾಜ್ಯದ ಅಂಗವಿಕಲರ ಆಯುಕ್ತರಿಗೆ ದೂರು ಬರೆಯಬಹುದು. ಅವರ ಕಚೇರಿ ಪುಣೆಯಲ್ಲಿದೆ. ಅದೂ ಸಾಲದಿದ್ದರೆ ಉಚ್ಚ ನ್ಯಾಯಾಲಯವಿದೆ. ೨೦೨೫ರ ಆಗಸ್ಟ್ ೧೮ರಿಂದ ಕೊಲ್ಹಾಪುರದಲ್ಲಿ ಅದರ ಪೀಠವು ನಡೆಯುತ್ತಿದ್ದು, ಸೋಲಾಪುರ ಜಿಲ್ಲೆಯೂ ಅದರ ವ್ಯಾಪ್ತಿಗೆ ಸೇರಿದೆ. ಮುಂಬಯಿಯ ದೂರದ ದಾರಿ ಈಗ ನಮಗಿಲ್ಲ. ಅಂಕಿಯೊಂದನ್ನೇ ನೋಡಿ ಬಾಗಿಲು ಮುಚ್ಚುವುದು ತಪ್ಪೆಂದು ಸರ್ವೋಚ್ಚ ನ್ಯಾಯಾಲಯವೇ ೨೦೨೪ರಲ್ಲಿ ಹೇಳಿದೆ. ಮಾತಿನ ತೊಡಕುಳ್ಳ ಮಹಾರಾಷ್ಟ್ರದ ವಿದ್ಯಾರ್ಥಿಯೊಬ್ಬನನ್ನು, ಅವನ ವೈಕಲ್ಯ ಶೇಕಡಾ ೪೦ನ್ನು ಮೀರಿದೆಯೆಂದು ವೈದ್ಯಕೀಯ ಶಿಕ್ಷಣದಿಂದ ದೂರವಿರಿಸಲಾಗಿತ್ತು. ಅವನು ಏನನ್ನು ಮಾಡಬಲ್ಲನೆಂಬುದನ್ನು ಪರೀಕ್ಷಿಸದೆ ಹಾಗೆ ಮಾಡಲಾಗದೆಂದು ತೀರ್ಪು ಬಂದು, ಅವನಿಗೆ ಪ್ರವೇಶ ದೊರೆಯಿತು.

“ಇಷ್ಟಕ್ಕೆಲ್ಲ ವಕೀಲರಿಗೆ ಕೊಡಲು ಹಣವೆಲ್ಲಿಯದು?” ಎಂದು ನೀವು ಕೇಳಬಹುದು. ಬಡವನಿಗೂ ನ್ಯಾಯವು ದೊರೆಯಲೆಂದು ೧೯೭೬ರಲ್ಲಿ ಸಂವಿಧಾನಕ್ಕೆ ೩೯-ಎ ಅನುಚ್ಛೇದವನ್ನು ಸೇರಿಸಲಾಯಿತು. ಅದರಂತೆ ೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯದೆಯು ರೂಪುಗೊಂಡು, ೧೯೯೫ರ ನವೆಂಬರ್ ೯ರಂದು ಜಾರಿಗೆ ಬಂದಿತು. ಅದರ ೧೨ನೆಯ ಕಲಮಿನ ಮೇರೆಗೆ ಅಂಗವಿಕಲರಿಗೆ ಪುಕ್ಕಟೆ ವಕೀಲರ ಹಕ್ಕಿದೆ; ಇದಕ್ಕೆ ಉತ್ಪನ್ನದ ಮಿತಿಯಿಲ್ಲ. ಮಹಿಳೆಯರಿಗೂ ಮಕ್ಕಳಿಗೂ ಅದೇ ಹಕ್ಕಿರುವುದರಿಂದ, ಅಂಗವಿಕಲ ಮಗುವಿನ ತಾಯಿ ತನ್ನ ಹೆಸರಿನಲ್ಲಿಯೇ ನೆರವನ್ನು ಕೇಳಬಹುದು. ಈ ನೆರವು ಕೋರ್ಟಿನ ಖಟ್ಲೆಗೆ ಮಾತ್ರ ಸೀಮಿತವಲ್ಲ. ಸಲಹೆ ಕೊಡುವುದು, ಇತರ ಅಧಿಕಾರಿಗಳ ಮುಂದೆ ಕೆಲಸ ನಡೆಸುವುದು ಇವೂ ಅದರಲ್ಲಿ ಬರುತ್ತವೆ. ಸೋಲಾಪುರದ ಜಿಲ್ಲಾ ನ್ಯಾಯಾಲಯದಲ್ಲಿ ಜಿಲ್ಲಾ ಪ್ರಾಧಿಕಾರವೂ, ತಾಲೂಕಿನ ನ್ಯಾಯಾಲಯದಲ್ಲಿ ತಾಲೂಕು ಸಮಿತಿಯೂ ಇವೆ. ೧೫೧೦೦ ಎಂಬ ದೂರವಾಣಿಯೂ ಇದೆ. ಮರಾಠಿಯಲ್ಲಿ ಇದಕ್ಕೆ ‘ವಿಧಿ ಸೇವಾ ಪ್ರಾಧಿಕರಣ’ವೆನ್ನುತ್ತಾರೆ, ಆ ಫಲಕವನ್ನು ನೋಡಿ ಒಳಗೆ ಹೋಗಬೇಕು.

ಭಾಷೆಯ ಅಂಜಿಕೆಯನ್ನೂ ಬಿಡಬೇಕು. ಸಂಕಟ ನಿವಾರಣೆಗಾಗಿ ಮಾಡುವ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯಾದರೂ ಕೊಡುವ ಅಧಿಕಾರವನ್ನು ಸಂವಿಧಾನದ ೩೫೦ನೆಯ ಅನುಚ್ಛೇದವು ನಮಗಿತ್ತಿದೆ. ಕೆಲಸವು ಬೇಗ ಸಾಗಲೆಂದು ಮರಾಠಿಯಲ್ಲಿ ಬರೆಯಿಸುವುದು ವ್ಯವಹಾರದ ಜಾಣತನ. ಆದರೆ ಮರಾಠಿ ಬಾರದೆಂಬ ಕಾರಣಕ್ಕೆ ಮನೆಯಲ್ಲಿ ಕುಳಿತುಕೊಳ್ಳುವುದು ನಾವೇ ಮಾಡಿಕೊಂಡ ನಷ್ಟ.

ತಂದೆತಾಯಿಗಳ ಇನ್ನೊಂದು ಚಿಂತೆಯನ್ನು ನಾವು ಬಲ್ಲೆವು. “ನಾವಿರುವ ತನಕ ಸರಿ, ನಮ್ಮ ಹಿಂದೆ ಈ ಮಗುವಿಗೆ ಯಾರು?” ಬುದ್ಧಿಮಾಂದ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಹಾಗೂ ಬಹುವಿಧ ವೈಕಲ್ಯಗಳುಳ್ಳವರಿಗಾಗಿ ೧೯೯೯ರ ರಾಷ್ಟ್ರೀಯ ನ್ಯಾಸ ಕಾಯದೆಯಿದೆ. ಜಿಲ್ಲೆಯ ಸ್ಥಾನಿಕ ಸಮಿತಿಯು ಇಂಥವರಿಗೆ ಕಾಯದೆಬದ್ಧ ಪಾಲಕರನ್ನು ನೇಮಿಸುತ್ತದೆ. ಈ ಅರ್ಜಿಯನ್ನು ತಾವು ಗಟ್ಟಿಯಾಗಿರುವಾಗಲೇ ಮಾಡಿಡುವುದು ಒಳಿತು.

ಸಂಘದ ತರುಣರಲ್ಲಿ ನಮ್ಮದೊಂದು ವಿನಂತಿ. ವಾರಕ್ಕೊಂದು ಗಂಟೆ ಈ ಸಂಘದ ಕೋಣೆಯನ್ನು ತೆರೆದಿಡಿರಿ. ಕಾಗದಗಳನ್ನು ಓದಿ ಹೇಳಿರಿ. ಹೆಸರುಗಳನ್ನು ತಾಳೆ ನೋಡಿರಿ. ಅರ್ಜಿಯ ತಾರೀಖನ್ನು ಒಂದು ವಹಿಯಲ್ಲಿ ಬರೆದಿಡಿರಿ. ವಕೀಲರ ಬಳಿಗೆ ಜೊತೆಗೆ ಹೋಗಿರಿ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮರು ಕಟ್ಟಿಸಿದ ಕೆರೆಯು ಇಂದಿಗೂ ಸೋಲಾಪುರದ ನಡುವೆ ಇದೆ. ಕೆರೆ ತುಂಬಿದ್ದರೂ ನಡೆಯಲಾರದವನಿಗೆ ಒಂದು ಕೊಡ ನೀರನ್ನು ನೆರೆಯವರೇ ತಂದುಕೊಡಬೇಕಲ್ಲವೇ? ಆ ಕೆಲಸವನ್ನು ಕನ್ನಡ ಸಂಘವು ಮಾಡಲಿ.

ಕೊನೆಯದಾಗಿ, ಇಲ್ಲಿಂದ ಮನೆಗೆ ಹೋದ ಬಳಿಕ ರೇಶನ್ ಕಾರ್ಡು, ಶಾಲೆಯ ದಾಖಲೆ, ಆಧಾರ್ ಕಾರ್ಡು ಇವು ಮೂರನ್ನು ಒಂದೆಡೆ ಇಟ್ಟು ಹೆಸರುಗಳನ್ನು ಓದಿ ನೋಡಿರೆಂದು ಕೇಳಿಕೊಳ್ಳುತ್ತೇವೆ.