ಕಡಲಂಚಿನ ಕಾಲುದಾರಿ: ಘಟ್ಟದವರಿಗೊಂದು ಪಾಠ

(ಪರಿಸರ ಶಿಬಿರವೊಂದರಲ್ಲಿ ಗ್ರಾಮಸ್ಥರನ್ನೂ ವಿದ್ಯಾರ್ಥಿಗಳನ್ನೂ ಉದ್ದೇಶಿಸಿ ಮಾಡಿದ ಭಾಷಣದ ಪಠ್ಯ)



ಬೆಟ್ಟದ ಮೇಲೆ ಬದುಕುವ ನಾವು ಕಡಲಿನ ವಿಚಾರವನ್ನು ಏಕೆ ಮಾತನಾಡಬೇಕು ಎಂಬ ಪ್ರಶ್ನೆ ನಿಮ್ಮಲ್ಲಿ ಮೂಡುವುದು ಸಹಜ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿಯು ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ದೊಡ್ಡ ಅಣೆಕಟ್ಟೊಂದರ ತಡೆಯೂ ಇಲ್ಲದೆ ತದಡಿಯ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ನಮ್ಮ ಸೊಪ್ಪಿನ ಬೆಟ್ಟದಲ್ಲಿ ಬಿದ್ದ ಮಳೆ, ನಮ್ಮ ತೋಟದಿಂದ ಕೊಚ್ಚಿಹೋದ ಮಣ್ಣು ಕೊನೆಗೆ ತಲುಪುವುದು ಅಲ್ಲಿಗೇ. ಆದುದರಿಂದ ಆ ನದಿಯ ಅಳಿವೆಯ ದಡದಿಂದ ಹೊರಡುವ ಒಂದು ಕಾಲುದಾರಿಯನ್ನು ಕುರಿತು ಇಂದು ಮಾತನಾಡಬಯಸುತ್ತೇನೆ.

ತದಡಿ ಮೀನುಗಾರಿಕಾ ಬಂದರು. ಗೋಕರ್ಣ ಪುಣ್ಯಕ್ಷೇತ್ರವೆಂದು ಹೆಸರಾಗಿದ್ದರೂ ಅದರ ಕಡಲತೀರ ದೋಣಿ–ಬಲೆಗಳ ಜನರದು. ಈ ಎರಡು ಊರುಗಳ ನಡುವೆ ಗುಡ್ಡದ ಸಾಲು ಸಮುದ್ರದೊಳಕ್ಕೆ ಚಾಚಿಕೊಂಡಿದೆ. ಬೇಲೇಕಾನವನ್ನು ದಾಟಿ ಏರಿದರೆ, ಇಂದು ಪ್ರವಾಸಿಗರು ಪ್ಯಾರಡೈಸ್, ಹಾಫ್ ಮೂನ್, ಓಂ ಎಂದು ಕರೆಯುವ ಮರಳ ದಂಡೆಗಳಿಗೆ ಇಳಿದು, ಮತ್ತೆ ಏರಿ, ಕುಡ್ಲೆಯ ಮೂಲಕ ಗೋಕರ್ಣವನ್ನು ಮುಟ್ಟಬಹುದು. ಎಡಗಡೆ ಪ್ರಪಾತ, ಕೆಳಗೆ ಅಲೆ; ಬಲಗಡೆ ಕರಿಗೆಂಪು ಕಲ್ಲಿನ ಬಯಲು, ಕುರುಚಲು ಗಿಡ. ಹಲವೆಡೆ ದಾರಿಯ ಅಗಲ ಒಬ್ಬರು ನಡೆಯುವಷ್ಟು ಮಾತ್ರ.

ನೀವು ಅಲ್ಲಿಗೆ ಹೋದಾಗ ಮೊದಲು ಕಾಲಡಿಯ ಕಲ್ಲನ್ನು ನೋಡಿರಿ. ಅದು ಜಂಬಿಟ್ಟಿಗೆ, ನಮ್ಮ ಮನೆಗಳ ಗೋಡೆಗೆ ಬಳಸುವ ಚಿರೆಕಲ್ಲು. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಇಂತಹ ಕಲ್ಲಿಗೆ 'ಲ್ಯಾಟರೈಟ್' ಎಂಬ ಹೆಸರನ್ನಿತ್ತನು. ಸಾವಿರಾರು ಶತಮಾನಗಳ ಮಳೆ–ಬಿಸಿಲಿಗೆ ಮೂಲಶಿಲೆಯ ಸಿಲಿಕಾ ಕರಗಿಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂಗಳ ಆಕ್ಸೈಡುಗಳು ಉಳಿದು ಗಟ್ಟಿಯಾದುದೇ ಈ ಕಲ್ಲು. ಮೇಲ್ಪದರ ಗಟ್ಟಿ, ಆದರೆ ಜೇನುಹುಟ್ಟಿನಂತೆ ತೂತುತೂತು. ಅದರ ಕೆಳಗಿರುವುದು ಮೆತ್ತನೆಯ ಶೇಡಿ ಮಣ್ಣು.

ಈ ಎರಡು ಪದರಗಳ ಸಂಬಂಧವೇ ಅಲ್ಲಿನ ಬದುಕಿನ ಆಧಾರ. ವರ್ಷಕ್ಕೆ 3000 ಮಿ.ಮೀ.ಗೂ ಮಿಕ್ಕಿ ಸುರಿಯುವ ಮಳೆಯ ಒಂದು ಪಾಲು ತೂತುಗಳ ಮೂಲಕ ಇಳಿಯುತ್ತದೆ. ಶೇಡಿಯು ನೀರನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ; ಹೀಗಾಗಿ ನೀರು ಅಡ್ಡಕ್ಕೆ ಹರಿದು ಗುಡ್ಡದ ಬುಡದಲ್ಲಿ ಒಸರುತ್ತದೆ. ಗೋಕರ್ಣದ ಕಡಲ ಪಕ್ಕದಲ್ಲೇ, ಗುಡ್ಡದ ಬುಡದಲ್ಲಿ ಸಿಹಿನೀರು ಹರಿಯುವ ರಾಮತೀರ್ಥವನ್ನು ನೋಡಿದವರಿಗೆ ಇದು ಅರ್ಥವಾದೀತು. ಉಪ್ಪುನೀರಿನಿಂದ ಕೂಗಳತೆಯ ದೂರದಲ್ಲಿ ಕುಡಿಯುವ ನೀರು! ನಮ್ಮ ಮನೆಗಳ ಅಬ್ಬಿನೀರಿನ ಹಿಂದೆಯೂ ಇದೇ ಬಗೆಯ ವ್ಯವಸ್ಥೆಯಿದೆ: ಮೇಲೆ ಇಂಗಿದ್ದು ಕೆಳಗೆ ದೊರೆಯುತ್ತದೆ.

ಆದರೆ ಗುಡ್ಡದ ನೆತ್ತಿಯ ಆ ಬಯಲನ್ನು ನಾವು 'ಬಂಜರು' ಎಂದು ಕರೆಯುತ್ತೇವೆ. ಬೇಸಗೆಯಲ್ಲಿ ನೋಡಿದರೆ ಹಾಗೆಯೇ ಕಾಣುತ್ತದೆ. ಮಳೆ ಹಿಡಿದ ಮೇಲೆ ಕರಾವಳಿಯ ಜಂಬಿಟ್ಟಿಗೆ ಬಯಲುಗಳಲ್ಲಿ ಹುಲ್ಲು ಮೂಡಿ, ಅದರ ನಡುವೆ ಕೀಟಗಳನ್ನು ಹಿಡಿದು ಪೋಷಕಾಂಶ ಪಡೆಯುವ ಡ್ರೊಸೆರಾ, ಯುಟ್ರಿಕ್ಯುಲೇರಿಯಾ ಸಸ್ಯಗಳು ಹೂಬಿಡುತ್ತವೆ. ಸಾರಜನಕ ಕಡಿಮೆಯಿರುವ ಮಣ್ಣಿನಲ್ಲಿ ಬದುಕಲು ಅವು ಕಂಡುಕೊಂಡ ಉಪಾಯವದು. ಕೃಷಿವಿಜ್ಞಾನದ ದೃಷ್ಟಿಯಲ್ಲಿ ಆ ನೆಲ ಬೆಳೆಗೆ ಬಡವಾಗಿರಬಹುದು. ನೀರಿನ ಲೆಕ್ಕದಲ್ಲಿ ಅದು ಊರಿನ ಕಣಜ.

ಆ ನೆತ್ತಿಯನ್ನು ಕಡಿದು ಸಮತಟ್ಟು ಮಾಡಿ ಕಾಂಕ್ರೀಟು ಹಾಸಿದರೆ ಎರಡು ಅನಾಹುತಗಳು ಸಂಭವಿಸುತ್ತವೆ. ಒಂದು, ಇಂಗುವ ನೀರು ಹೊರಗೆ ಹರಿದು ಒರತೆ ಸೊರಗುತ್ತದೆ. ಎರಡು, ಹರಿಯುವ ನೀರು ಒಂದೇ ಕಡೆ ನುಗ್ಗಿ ಶೇಡಿಯನ್ನು ಕೊರೆಯುತ್ತದೆ. ಕೆಳಗಿನಿಂದ ಅಲೆಯೂ ಅದನ್ನೇ ಕೊರೆಯುತ್ತಿರುತ್ತದೆ. ಆಧಾರ ತಪ್ಪಿದ ಮೇಲಿನ ಗಟ್ಟಿ ಪದರ ಬಂಡೆಬಂಡೆಯಾಗಿ ಉರುಳುತ್ತದೆ. ಗುಡ್ಡದ ಬುಡವನ್ನು ಕಡಿದರೆ ಏನಾಗುತ್ತದೆಂಬುದಕ್ಕೆ ದೂರದ ನಿದರ್ಶನ ಬೇಕಾಗಿಲ್ಲ. ಗಂಗಾವಳಿಯ ದಡದ ಶಿರೂರಿನಲ್ಲಿ, ಹೆದ್ದಾರಿ ವಿಸ್ತರಣೆಗಾಗಿ ಕಡಿದಿದ್ದ ಗುಡ್ಡವು 2024ರ ಜುಲೈ 16ರಂದು ಭಾರೀ ಮಳೆಯ ನಡುವೆ ಕುಸಿದು ಜೀವಗಳನ್ನು ಬಲಿ ತೆಗೆದುಕೊಂಡಿತು.

ಕಾನೂನು ಇಲ್ಲವೇ ಎಂದು ನೀವು ಕೇಳಬಹುದು. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ 1991ರಲ್ಲಿ ಬಂದಿತು. 2011ರಲ್ಲಿ, ಪುನಃ 2019ರಲ್ಲಿ ಅದರ ಸ್ಥಾನದಲ್ಲಿ ಹೊಸವು ಬಂದವು. ಸಮುದ್ರತೀರದಲ್ಲಿ ಅದರ ಅಳತೆ ಭರತರೇಖೆಯಿಂದ 500 ಮೀಟರ್. ನೀರಿನ ದಾರಿಯು ಆ ಅಳತೆಪಟ್ಟಿಯನ್ನು ಅರಿಯದು. ಒರತೆಗೆ ನೀರುಣಿಸುವ ಬಯಲು ಆ ಗೆರೆಯಾಚೆಗೂ ಹಬ್ಬಿರಬಹುದು.

ದಾರಿಯ ಒಂದು ತುದಿಯಲ್ಲಿರುವ ಅಳಿವೆಯನ್ನೂ ಮರೆಯಬಾರದು. ನಮ್ಮ ಬೆಟ್ಟದಿಂದಿಳಿದ ಮೆಕ್ಕಲನ್ನೇ ಗೊಬ್ಬರವಾಗಿಸಿಕೊಂಡು ಅಲ್ಲಿಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ. ಹೊಳೆಯ ತಳದ ಬಳಚು ಆರಿಸಿ ಸಾವಿರಾರು ಕುಟುಂಬಗಳು ಜೀವಿಸುತ್ತವೆ. 2000ರ ದಶಕದಲ್ಲಿ ತದಡಿಗೆ 4000 ಮೆಗಾವಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗ ಜನ ವಿರೋಧಿಸಿದರು. ಸ್ಥಾವರ ಅಲ್ಲಿ ತಲೆಯೆತ್ತಲಿಲ್ಲ. 2024ರಲ್ಲಿ 4801 ಹೆಕ್ಟೇರ್ ವಿಸ್ತಾರದ ಅದೇ ಅಳಿವೆಯು ರಾಮ್ಸರ್ ತಾಣವೆಂಬ ಮನ್ನಣೆ ಪಡೆಯಿತು. ಅಂದು ಜನ ಸುಮ್ಮನಿದ್ದಿದ್ದರೆ ಈ ಮನ್ನಣೆಗೆ ಏನು ಉಳಿದಿರುತ್ತಿತ್ತೆಂಬುದನ್ನು ನೀವೇ ಯೋಚಿಸಿರಿ.

ಕಾಲುದಾರಿಗೆ ಅಂತಹ ಮನ್ನಣೆ ಯಾವುದೂ ಇಲ್ಲ. ಜನ ನಡೆಯುವುದರಿಂದಲೇ ಅದು ಉಳಿದಿದೆ. ಒಂದು ಬೇಲಿ ಬಂದರೆ ಸಾಕು, ತಲೆಮಾರುಗಳ ದಾರಿ ಮುಚ್ಚಿಹೋಗುತ್ತದೆ. ದಾರಿ ಮುಚ್ಚಿದರೆ ಗುಡ್ಡದ ಮೇಲೆ ನಡೆಯುವುದು ಊರಿನ ಕಣ್ಣಿಗೆ ಬೀಳುವುದಿಲ್ಲ. ಒರತೆ ಬತ್ತಿದ ಮೇಲೆಯೇ ತಿಳಿಯುತ್ತದೆ. ನಮ್ಮ ಬೆಟ್ಟದ ದಾರಿಗಳಿಗೂ ಈ ಮಾತು ಅನ್ವಯಿಸುತ್ತದೆ.

ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೇ. ಮಳೆಗಾಲ ಕಳೆದ ಮೇಲೆ, ಸ್ಥಳೀಯ ಮೀನುಗಾರರೊಬ್ಬರನ್ನು ಜೊತೆಗೂಡಿಸಿಕೊಂಡು ಆ ದಾರಿಯನ್ನು ನಡೆಯಿರಿ. ಮಳೆಯಲ್ಲಿ ಅತ್ತ ಹೋಗತಕ್ಕದ್ದಲ್ಲ, ಪಾಚಿಗಟ್ಟಿದ ಕಲ್ಲು ಜಾರುತ್ತದೆ. ಬಳಿಕ ನಿಮ್ಮೂರಿನ ಕಾಲುದಾರಿಗಳನ್ನು ನಡೆಯಿರಿ. ಪ್ರತಿ ಒರತೆಯನ್ನೂ, ಅದು ಯಾವ ತಿಂಗಳವರೆಗೆ ಹರಿಯುತ್ತದೆಂಬುದನ್ನೂ, ಅದರ ನೆತ್ತಿಯ ಬಯಲು ಯಾವುದೆಂಬುದನ್ನೂ ಬರೆದಿಡಿರಿ. 2002ರ ಜೀವವೈವಿಧ್ಯ ಕಾಯಿದೆಯನ್ವಯ ಪಂಚಾಯತಿಯಲ್ಲಿ ಇರಬೇಕಾದ ಜೀವವೈವಿಧ್ಯ ದಾಖಲಾತಿಯಲ್ಲಿ ಅವು ಸೇರುವಂತೆ ನೋಡಿಕೊಳ್ಳಿರಿ. ಹಿರಿಯರು ಗ್ರಾಮಸಭೆಯಲ್ಲಿ ಆ ದಾಖಲೆಗೆ ಬೆಂಬಲವಾಗಿ ನಿಲ್ಲಬೇಕು. 'ಇಲ್ಲಿ ಏನೂ ಇಲ್ಲ, ಬಂಜರು' ಎಂದು ಯಾರಾದರೂ ಹೇಳಿದ ದಿನ, ತೆರೆದು ತೋರಿಸಲು ಒಂದು ಪುಸ್ತಕ ನಮ್ಮ ಕೈಯಲ್ಲಿರಬೇಕು.