ಕರೆಂಟ್ ಬಂತು, ಕಂಪ್ಯೂಟರ್ ಏಳಲಿಲ್ಲ

ನಾನಿರೋದು ಪುಣೆಯಲ್ಲಿ. ನನ್ನ ಬ್ಯಾಕಪ್ ಕಂಪ್ಯೂಟರ್ ಇರೋದು ತೀರ್ಥಹಳ್ಳಿ ಮನೆಯ ಅಟ್ಟದ ಮೇಲೆ. ಕೆಳಗಿಟ್ಟರೆ ಅದರ ಫ್ಯಾನ್ ಸದ್ದು ಅಮ್ಮನಿಗೆ ಆಗಲ್ಲ. ಮಳೆಗಾಲದಲ್ಲಿ ಅಲ್ಲಿ ಕರೆಂಟ್ ಹೋಗೋದು ಸುದ್ದಿಯೇ ಅಲ್ಲ ಬಿಡಿ. ಹೋಗಿ ಬಂದಾಗೆಲ್ಲ ನಾನು ಫೋನ್ ಮಾಡ್ತಿದ್ದೆ: "ಅಪ್ಪಾ, ಸ್ವಲ್ಪ ಮೇಲೆ ಹತ್ತಿ ಬಟನ್ ಒತ್ತಿಬಿಡು."

ಕಳೆದ ಜುಲೈನಲ್ಲಿ ಒಂದು ರಾತ್ರಿ ಟಾರ್ಚ್ ಹಿಡಿದು ಹತ್ತುವಾಗ ಅಪ್ಪನ ಕಾಲು ಜಾರಿತು. ನನಗೆ ಹೇಳಿದ್ದು ಇಷ್ಟೇ: "ಒತ್ತಿದೀನಿ ಕಣೋ, ಬಂತಾ ನೋಡು." ಮೊಣಕಾಲು ಊದಿದ್ದು ಎರಡು ದಿನ ಬಿಟ್ಟು ಅಮ್ಮನಿಂದ ಗೊತ್ತಾಯ್ತು. ಎಂಟೆಕ್ ಓದಿದ ಮಗನ ಸಿಸ್ಟಮ್ ಡಿಸೈನ್ ಇದು!

ನಾನು ನಂಬಿದ್ದು ವೇಕ್ ಆನ್ ಲ್ಯಾನ್ ಅನ್ನು. 6 ಬೈಟ್ ಎಫ್‌ಎಫ್, ಆಮೇಲೆ ಮ್ಯಾಕ್ ಅಡ್ರೆಸ್ 16 ಸಲ, ಒಟ್ಟು 102 ಬೈಟ್‌ನ ಪ್ಯಾಕೆಟ್. ಮಲಗಿದ ಯಂತ್ರ ಇದಕ್ಕೆ ಏಳುತ್ತೆ. ಆದರೆ ಕರೆಂಟ್ ಪೂರ್ತಿ ಕಡಿದು ಬಂದ ಮೇಲೆ, ಎಷ್ಟೋ ಬೋರ್ಡ್‌ಗಳಲ್ಲಿ ಓಎಸ್ ಒಮ್ಮೆ ಬೂಟ್ ಆಗೋವರೆಗೂ ನೆಟ್‌ವರ್ಕ್ ಕಾರ್ಡ್ ಆ ಪ್ಯಾಕೆಟ್‌ಗೆ ಕಿವಿಗೊಡೋದೇ ಇಲ್ಲ.

ಸರಿ, ಬಯಾಸ್‌ನಲ್ಲಿ 'ರಿಸ್ಟೋರ್ ಆನ್ ಎಸಿ ಪವರ್ ಲಾಸ್' ಇದೆಯಲ್ಲ, ಅದನ್ನ 'ಲಾಸ್ಟ್ ಸ್ಟೇಟ್'ಗೆ ಇಟ್ಟಿದ್ದೆ. ತಪ್ಪು ಇದ್ದದ್ದೇ ಅಲ್ಲಿ. ಬ್ಯಾಟರಿ ಕಡಿಮೆ ಆದಾಗ ಯುಪಿಎಸ್ ಹೇಳುತ್ತೆ, ಕಂಪ್ಯೂಟರ್ ಶಿಸ್ತಾಗಿ ಶಟ್‌ಡೌನ್ ಆಗುತ್ತೆ. ಅಂದ್ರೆ ಅದರ 'ಲಾಸ್ಟ್ ಸ್ಟೇಟ್' ಆಫ್! ಕರೆಂಟ್ ಬಂದರೂ ಅದು ಆಫ್ ಆಗಿಯೇ ಇರುತ್ತೆ. ಅಲ್ಲಿ 'ಪವರ್ ಆನ್' ಇರಬೇಕು.

ಅದನ್ನು ಬದಲಾಯಿಸಿದ ಮೇಲೂ ಒಮ್ಮೆ ಏಳಲಿಲ್ಲ. ಶಟ್‌ಡೌನ್ ಆದ ಕೂಡಲೇ, ಯುಪಿಎಸ್ ಇನ್ನೂ ಜೀವಂತ ಇದ್ದಾಗಲೇ ಕರೆಂಟ್ ಬಂದಿತ್ತು. ಬೋರ್ಡ್ ಪಾಲಿಗೆ ಕರೆಂಟ್ ಹೋಗಲೇ ಇಲ್ಲ, ಇನ್ನು ಬರೋದೆಲ್ಲಿ? ಇದಕ್ಕೆ ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಹಾಕಿದೆ. ಶಟ್‌ಡೌನ್‌ನ ಕೊನೆಯಲ್ಲಿ ಅದು ಯುಪಿಎಸ್‌ಗೆ 'ನಿನ್ನ ಔಟ್‌ಪುಟ್ ಕಡಿ' ಅಂತ ಆಜ್ಞೆ ಕೊಡುತ್ತೆ. ಮೇನ್ಸ್ ಇದ್ದರೆ ಯುಪಿಎಸ್ ಮತ್ತೆ ಔಟ್‌ಪುಟ್ ಕೊಡುತ್ತೆ, ಬೋರ್ಡ್ ಎಚ್ಚರಾಗುತ್ತೆ. ನಿಮ್ಮ ಯುಪಿಎಸ್‌ಗೆ ಯುಎಸ್‌ಬಿ ಪೋರ್ಟ್ ಇದೆಯಾ, ಈ ಆಜ್ಞೆ ಅದಕ್ಕೆ ಅರ್ಥ ಆಗುತ್ತಾ, ಕೊಳ್ಳೋ ಮುಂಚೆ ನೋಡಿ. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದ್ದರೆ ಬೂಟ್ ಆಗುವಾಗ ಪಾಸ್‌ವರ್ಡ್ ಕೇಳಿ ನಿಂತುಬಿಡುತ್ತೆ, ಅದು ಇನ್ನೊಂದು ಕಥೆ.

ದೀಪಾವಳಿಗೆ ಊರಿಗೆ ಹೋದಾಗ ಯುಪಿಎಸ್ ಪ್ಲಗ್ ಕಿತ್ತು, ಹಾಕಿ, ಐದು ಸಲ ಪರೀಕ್ಷೆ ಮಾಡಿದೆ. ಬೇಗ ಹಾಕಿ ನೋಡಿದೆ, ತಡವಾಗಿ ಹಾಕಿ ನೋಡಿದೆ. ಐದೂ ಸಲ ತಾನಾಗಿ ಎದ್ದಿತು.

ಮೊನ್ನೆ ಅಪ್ಪನ ಫೋನ್. "ರಾತ್ರಿಯೆಲ್ಲ ಕರೆಂಟ್ ಇರಲಿಲ್ಲ ಕಣೋ. ಮೇಲೆ ಹತ್ತಬೇಕೇನೋ?"

"ಬೇಡಪ್ಪಾ, ಆಗಲೇ ಎದ್ದಿದೆ" ಅಂದೆ.